ಮಗ್ಗದ ಕುಣಿಯ ಕೋಳಿಗಳು

ಹೋದ ವಾರ ಅಂಗಡಿಯಲ್ಲಿ ನನ್ನ ಕೈಯಿಂದ ಅಯೋಡಿನ್ ಬಾಟಲಿ ಜಾರಿ ಬಿದ್ದು ಒಡೆಯಿತು. ಗದಗಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಔಷಧ ತೆಗೆದುಕೊಡುವ ಕೆಲಸ ನನ್ನದು. ಬಾಟಲಿ ಒಡೆಯುವುದು, ಬೈಸಿಕೊಳ್ಳುವುದು ಎರಡೂ ಹೊಸದಲ್ಲ. ಆದರೆ ಅವತ್ತು ಬಟ್ಟೆ ತೆಗೆದುಕೊಂಡು ಒರೆಸಲು ಕೂತವಳಿಗೆ ಕೈಯೇ ಓಡಲಿಲ್ಲ. ಬಿಳಿ ಟೈಲ್ಸ್ ಮೇಲೆ ಆ ಕೆಂಗಂದು ನೀರು ಹರಡಿತ್ತು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆಯೇ ಕೋಳಿ ಹಿಕ್ಕೆಯ ವಾಸನೆ, ಹಸಿ ಹೊಟ್ಟಿನ ವಾಸನೆ, ನಮ್ಮ ಬೆಟಗೇರಿ ಮನೆಯ ಮಗ್ಗದ ಕೋಣೆಯ ಮಣ್ಣಿನ ವಾಸನೆ ಎಲ್ಲಾ ಒಟ್ಟಿಗೆ ಬಂದವು. ಎರಡು ವರ್ಷದ ಹಿಂದಿನ ಆ ಆಷಾಢ, ಆ ಶ್ರಾವಣ ಕಣ್ಣ ಮುಂದೆ ಬಂದು ನಿಂತವು.

"ಏನಾತ್ರಿ ಗಿರಿಜಕ್ಕಾರ, ಗಾಜು ಚುಚ್ಚಿತೇನ್ರಿ?" ಅಂತ ಮಾಲೀಕರು ಕೇಳಿದರು.

"ಇಲ್ರಿ. ಒಂದ್ ಅರ್ಧ ತಾಸು ಮನಿಗಿ ಹೋಗಿ ಬರ್ತೀನ್ರಿ."

"ಈಗ? ಗಿರಾಕಿ ನಿಂತಾರಲ್ರಿ!"

ಅವರು ಇನ್ನೂ ಏನೋ ಹೇಳುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಆಟೊ ಹತ್ತಿದ್ದೆ.

ನಮ್ಮದು ನೇಕಾರರ ಮನೆ. ಮಾವನವರು ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದ ಕೆಳಗೆ ನೆಲದಲ್ಲೊಂದು ಕುಣಿ ಇರುತ್ತದೆ. ನೇಕಾರ ಅದರ ಅಂಚಿನಲ್ಲಿ ಕೂತು, ಎರಡೂ ಕಾಲು ಒಳಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾ ನೇಯಬೇಕು. ಬೆಳಗಾದರೆ ಲಟಕ್ ಪಟಕ್ ಸಪ್ಪಳ ಶುರು. ಮದುವೆಯಾಗಿ ಬಂದ ಹೊಸದರಲ್ಲಿ ಆ ಸಪ್ಪಳಕ್ಕೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಅದು ನಿಂತಾಗಲೇ ಗೊತ್ತಾದದ್ದು, ಮನೆಗೆ ಜೀವ ಇದ್ದದ್ದೇ ಆ ಸಪ್ಪಳದಲ್ಲಿ ಅಂತ.

ಮಾವನವರಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಲ್ಲಿ ಒಂದು ಗುಳ್ಳೆ ಎದ್ದಿತ್ತು. ಅರಿಶಿನ ಹಚ್ಚಿದೆವು, ಸುಣ್ಣ ಹಚ್ಚಿದೆವು, ಯಾರೋ ಹೇಳಿದ ಸೊಪ್ಪು ಕಟ್ಟಿದೆವು. ದವಾಖಾನೆಗೆ ಹೋಗುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಬೆರಳು ತೆಗೆಯಬೇಕು ಅಂದರು, ಆಮೇಲೆ ಪಾದ ಅಂದರು, ಕೊನೆಗೆ ಮೊಣಕಾಲಿನವರೆಗೆ ತೆಗೆದರು. ತಡ ಮಾಡಿದವರು ನಾವು, ವೈದ್ಯರನ್ನು ದೂರಿ ಏನು ಬಂತು? ಅವತ್ತು ದವಾಖಾನೆಯ ಪಡಸಾಲೆಯಲ್ಲಿ ಅತ್ತೆ ಒಂದೇ ಮಾತು ಕೇಳುತ್ತಿದ್ದರು. "ತಗದ ಕಾಲು ಏನ ಮಾಡಿದ್ರು? ಎಲ್ಲಿ ಒಗದ್ರು?" ನಲವತ್ತು ವರ್ಷ ಮಗ್ಗ ತುಳಿದ ಕಾಲು ಅದು. ಅದು ಹೋದ ಮೇಲೆ ಮಾವನವರು ಆರು ತಿಂಗಳೂ ಬದುಕಲಿಲ್ಲ.

ಅತ್ತೆಗೂ ಸಕ್ಕರೆ ಇತ್ತು. ನಾನೇನು ಕಡಿಮೆಯೇ? ಔಷಧದ ಅಂಗಡಿಯವಳು! ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ತಪ್ಪದೆ ತಟ್ಟೆಯಲ್ಲಿ ಇಡುತ್ತಿದ್ದೆ. ಅವರು ನುಂಗಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಓಣಿಯಲ್ಲಿ "ಸೊಸಿ ಅಂದ್ರ ಗಿರಿಜಾ ನೋಡು" ಅಂತ ಹೆಸರೂ ಇತ್ತು. ಆ ಹೆಸರು ಕೇಳಿ ನಾನು ಉಬ್ಬುತ್ತಿದ್ದೆ ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಮಾವನವರು ಹೋದ ಮೇಲೆ ಮಗ್ಗ ಬಿಚ್ಚಿ ಮಾರಿದೆವು, ಕುಣಿಯೊಂದೇ ಉಳಿಯಿತು. ಅತ್ತೆ ಹಗಲೆಲ್ಲಾ ಅದರ ಅಂಚಿಗೆ ಕೂತಿರುತ್ತಿದ್ದರು. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಬಳಿ ಬಂದು ನಿಂತರು.

"ಗಿರಿಜಾ, ನನಗೊಂದ್ ನಾಕ್ ಕೋಳಿ ತಂದ ಕೊಡವ್ವಾ."

ನನಗೆ ನಗು ಬಂತು. "ಕೋಳಿ ಯಾಕ್ರಿ ಅತ್ತಿ? ನಾವೇನ್ ಕೊಯ್ಯೂದಿಲ್ಲ, ತಿನ್ನೂದಿಲ್ಲ."

"ಸಪ್ಪಳ ಇರಲಿ ಮನ್ಯಾಗ. ತವರಮನಿ ಬೆಳ್ಳಟ್ಟ್ಯಾಗ ನಮ್ಮವ್ವ ಸಾಕಿದ್ಳು. ಈ ಮನಿ ಹಿಂಗ ಸುಮ್ಮನ ಕುಂತ್ರ ನನಗ ಹೆದರಿಕಿ ಬರ್ತೈತಿ."

ಅಷ್ಟು ಹೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ನಮ್ಮವರು ಗೂಡ್ಸ್ ಟೆಂಪೊ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಹಾಗಾಗಿ ಆಷಾಢದ ಮೊದಲ ವಾರ ನಾನೇ ಲಕ್ಷ್ಮೇಶ್ವರದ ಸಂತೆಗೆ ಹೋದೆ. ಗಾಳಿ ಅಂದರೆ ಗಾಳಿ, ಸಂತೆಯವರ ತಾಡಪಾಲುಗಳೆಲ್ಲಾ ಪಟಪಟ ಬಡಿಯುತ್ತಿದ್ದವು. ಕೋಳಿ ಮಾರುವ ಹೆಂಗಸು ನಾಲ್ಕರ ಕಾಲನ್ನೂ ಸುತಳಿಯಿಂದ ಬಿಗಿದು, ತಲೆಕೆಳಗು ಮಾಡಿ ನನ್ನ ಕೈಗೆ ಕೊಟ್ಟಳು. ನಾನು ಹಾಗೇ ಕೈಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ.

ಕಂಡಕ್ಟರ್ ಚೀಲದೊಳಗೆ ಇಣುಕಿ, "ಇವಕ್ಕೂ ಟಿಕೆಟ್ ಆಗ್ತೈತ್ರಿ ಅಕ್ಕಾರ" ಅಂದ.

"ಸೀಟ್ ಕೊಡ್ತೀರೇನ್ರಿ ಹಂಗಾರ?" ಅಂದೆ. ಬಸ್ಸೆಲ್ಲಾ ನಕ್ಕಿತು. ನಾನೂ ನಕ್ಕೆ. ಚೀಲದೊಳಗಿನ ಕಾಲುಗಳ ಕಡೆ ಯಾರ ಗಮನವೂ ಇರಲಿಲ್ಲ.

ಮನೆಗೆ ಬಂದು ಅಂಗಳದಲ್ಲಿ ಬಿಟ್ಟರೆ ನಾಲ್ಕೂ ಕೋಳಿ ಬಿದ್ದಲ್ಲೇ ಬಿದ್ದವು. ಎದ್ದು ನಿಲ್ಲಲು ನೋಡುತ್ತವೆ, ಪಕ್ಕಕ್ಕೆ ಹೊರಳುತ್ತವೆ. ಒಂದಂತೂ ಎರಡೂ ಕಾಲು ಹಿಂದಕ್ಕೆ ಚಾಚಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಸತ್ತೇಹೋಗುತ್ತವೆ ಅಂತ ಅತ್ತೆಯನ್ನು ಕರೆದೆ. ಅತ್ತೆ ಬಂದು ನೋಡಿದವರೇ, "ಅಯ್ಯ ನಮ್ಮವ್ವಾ, ದಾರ ಬಿಚ್ಚಿಲ್ಲಲ್ಲೇ!" ಅಂತ ಕೂಗಿದರು. ಸುತಳಿ ಎಷ್ಟು ಬಿಗಿದಿತ್ತು ಅಂದರೆ ಗಂಟು ಬಿಚ್ಚಲು ಬರಲಿಲ್ಲ, ಕತ್ತರಿಯಿಂದ ಕತ್ತರಿಸಿದೆವು. ಕೆಳಗೆ ಚರ್ಮದಲ್ಲಿ ನೀಲಿ ಗೆರೆ ಮೂಡಿತ್ತು, ಪಾದ ಬಾತಿತ್ತು. ಸಂತೆಯಿಂದ ಮನೆಯವರೆಗೆ ಎರಡು ತಾಸು ಆ ನೋವಿನ ಮೇಲೆ ಕೂತು ನಾನು ನಗೆಚಾಟಿಕೆ ಮಾಡಿಕೊಂಡು ಬಂದಿದ್ದೆ.

ಅತ್ತೆ ಬಿಸಿನೀರು ತರಿಸಿದರು. ಒಂದೊಂದನ್ನೇ ತೊಡೆಯ ಮೇಲೆ ಇಟ್ಟುಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಅದ್ದಿ, ಬೆರಳಿನಿಂದ ಮೇಲಕ್ಕೆ ಮೆಲ್ಲಗೆ ಸವರಿದರು. "ರಗತ ತಿರಗಬೇಕು. ಜಲ್ದಿ ನಿಂದ್ರಸಾಕ ಹೋಗಬಾರದು" ಅಂದರು. ಎರಡು ದಿನ ಮೆತ್ತಗಿನ ಹುಲ್ಲಿನ ಮೇಲೆ ಮಲಗಿಸಿ, ನೀರು ಕಾಳು ಕೊಕ್ಕಿನ ಹತ್ತಿರವೇ ಇಟ್ಟೆವು. ಮೂರನೆಯ ದಿನ ಮೂರು ಎದ್ದು ನಿಂತವು. ನಾಲ್ಕನೆಯದು ಐದು ದಿನ ತೆಗೆದುಕೊಂಡಿತು. ಅತ್ತೆ ಎಲ್ಲಕ್ಕೂ ಹೆಸರಿಟ್ಟರು: ಕೆಂಪಿ, ಚುಕ್ಕಿ, ಬೆಳ್ಳಿ, ಕೊನೆಗೆ ಎದ್ದದ್ದು ಗಿಡ್ಡಿ. ಗಿಡ್ಡಿಯ ಎರಡು ಬೆರಳು ಸೊಟ್ಟಾಗಿಯೇ ಉಳಿದವು. ಆದರೆ ಮನೆಯಲ್ಲಿ ಸಪ್ಪಳ ಬಂತು, ಅತ್ತೆಯ ಮುಖದಲ್ಲಿ ನಗು ಬಂತು.

ಇನ್ನು ಅವುಗಳಿಗೊಂದು ಮನೆ ಬೇಕಲ್ಲ. ಮಗ್ಗದ ಕುಣಿ ಖಾಲಿ ಬಿದ್ದಿತ್ತು. ಗಾಳಿ ಬಡಿಯುವುದಿಲ್ಲ, ಬೆಕ್ಕು ಬರುವುದಿಲ್ಲ, ಬೆಚ್ಚಗಿರುತ್ತದೆ ಅಂತ ನಾನೇ ಸೂಚಿಸಿದೆ. ಮಗ್ಗ ಇಲ್ಲದ ನೇಕಾರರ ಮನೆಯವರಿಗೆ ಮಾತ್ರ ಬರುವ ಬುದ್ಧಿ ಇದು! ನಮ್ಮವರ ಇಕ್ಕಳ ತೆಗೆದುಕೊಂಡು, ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಕೂತು, ತಂತಿಯ ಜಾಳಿಗೆಯನ್ನು ಕುಣಿಯ ಅಳತೆಗೆ ಕತ್ತರಿಸಿದೆ. ತುಂಡು ತಂತಿಗಳು ಚಿಟಿಚಿಟಿ ಸಿಡಿದವು. ಕೆಲಸ ಮುಗಿದ ಮೇಲೆ ಕಸ ಗುಡಿಸಿದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಗುಡಿಸಿದ್ದೆ.

ಹತ್ತು ದಿನ ಆಗಿರಬೇಕು, ಬೆಳ್ಳಿಯ ಕಾಲಿನ ಪೊರೆಗಳು ಎದ್ದು ನಿಂತಿದ್ದು ಕಂಡಿತು. ನುಣುಪಾಗಿ ಇರಬೇಕಾದ ಕಾಲು ಹಳೆಯ ಜಾಲಿ ತೊಗಟೆಯ ಹಾಗೆ ಒರಟು. ಅದು ಪೊರೆಯ ಕೆಳಗೆ ಸೇರಿಕೊಳ್ಳುವ ಕಣ್ಣಿಗೆ ಕಾಣದ ಹುಳದ ಕೆಲಸ, ಸಂತೆಯಿಂದಲೇ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ನಮ್ಮವರು ತಮ್ಮ ವೈದ್ಯ ಮಾಡಿ ಮುಗಿಸಿದ್ದರು. ಬೆಳ್ಳಿಯ ಕಾಲು ಕರ್ರಗೆ ಮಿರುಗುತ್ತಿತ್ತು.

"ಏನ್ ಹಚ್ಚೀರಿ ಇದಕ್ಕ?"

"ಗಾಡಿ ಹಳೇ ಆಯಿಲ್. ಹುಳ ಉಸುರ್ ಕಟ್ಟಿ ಸಾಯ್ತಾವು."

"ಕೋಳಿನೂ ಸಾಯ್ತೈತಲ್ರಿ! ಅದೇನ್ ನಿಮ್ ಟೆಂಪೊ ಅಂತ ತಿಳಕೊಂಡೀರೇನು?"

ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಸಾಬೂನಿನ ಬಿಸಿನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ, ಒರೆಸಿ, ದಪ್ಪಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎದ್ದ ಪೊರೆಯನ್ನು ಕೀಳಲು ಕೈ ಹಾಕಿದರೆ ಅತ್ತೆ ಕೈ ಹಿಡಿದರು. "ಕೀಳಬ್ಯಾಡ, ಅದಕ್ಕ ಅದ ಉದರ್ತೈತಿ" ಅಂದರು. ದಿನ ಬಿಟ್ಟು ದಿನ ಹಚ್ಚಿದೆವು. ಉಳಿದ ಮೂರಕ್ಕೂ ಹಚ್ಚಿದೆವು. ಕುಣಿಯೊಳಗಿನ ಹಳೆಯ ಹುಲ್ಲೆಲ್ಲಾ ಹೊರಗೆ ಹಾಕಿ ಸುಟ್ಟೆವು. ತಿಂಗಳೊಳಗೆ ಪೊರೆ ಉದುರಿ ಕೆಳಗಿನ ಹಳದಿ ಕಾಲು ಕಾಣಿಸಿತು.

ಆದರೆ ಅದಕ್ಕೂ ಮೊದಲೇ ಕೆಂಪಿ ಕುಂಟತೊಡಗಿದ್ದಳು. ಅವಳೇ ನಾಲ್ಕರಲ್ಲಿ ಜೋರಿನವಳು, ಅತ್ತೆಯ ಸೆರಗು ಹಿಡಿದು ಅಡ್ಡಾಡುವವಳು. ಈಗ ಒಂದು ಕಾಲು ಮಡಚಿ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಕಾಲು ನೋಡಿದೆ: ಊತವಿಲ್ಲ, ಗಾಯವಿಲ್ಲ, ಪೊರೆ ಎದ್ದಿಲ್ಲ. ಮೊಣಕಾಲು ಒತ್ತಿದೆ, ತೊಡೆ ಒತ್ತಿದೆ. ಏನೂ ಇಲ್ಲ. "ವಾಯು ಇರಬೇಕು" ಅಂತ ಪಕ್ಕದ ಮನೆಯವರು ಅಂದರು. ನಾಲ್ಕು ದಿನ ವಾಯುವಿಗೆ ಎಣ್ಣೆ ನೀವಿದೆವು. ಐದನೆಯ ದಿನ ಕಾಳು ಮುಟ್ಟಲಿಲ್ಲ. ಬುಟ್ಟಿಯಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಓಡಿದೆ.

ಅಲ್ಲಿನ ಡಾಕ್ಟರು ವಯಸ್ಸಾದವರು. ನಾನು ಕಾಲಿನ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ. ಅವರು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅಂಗಾಲು ನೋಡೀರೇನ್ರಿ?"

ಅವರು ಕೆಂಪಿಯನ್ನು ಮಗ್ಗುಲಾಗಿ ಹಿಡಿದು ಪಾದ ತಿರುವಿದರು. ಅಂಗಾಲಿನ ನಟ್ಟ ನಡುವೆ ಹೆಸರುಕಾಳಿನಷ್ಟು ಕಪ್ಪು ಹಕ್ಕಳೆ. "ಮ್ಯಾಲಿಂದ ನೋಡಿದ್ರ ಇದು ಯಾವಾಗ್ಲೂ ಕಾಣಂಗಿಲ್ರಿ ಬಾಯಾರ. ತಿರುವಿ ನೋಡಬೇಕು" ಅಂದವರು ಉಪ್ಪಿನ ಬಿಸಿನೀರಿನಲ್ಲಿ ನೆನೆಸಿ, ಅಯೋಡಿನ್ ಸವರಿ, ಚಿಮಟದಿಂದ ಹಕ್ಕಳೆ ಎತ್ತಿದರು. ಕೆಳಗಿನಿಂದ ಗಟ್ಟಿ ಕೀವಿನ ಗಡ್ಡೆ ಬಂತು. ಇಷ್ಟು ಸಣ್ಣ ಪಾದದಲ್ಲಿ ಅಷ್ಟು ದೊಡ್ಡದು ಎಲ್ಲಿ ಕೂತಿತ್ತು ಅಂತ ನಾನು ಬಾಯಿ ತೆರೆದು ನೋಡುತ್ತಿದ್ದೆ. ಗಡ್ಡೆಯ ನಡುವೆ ಅಕ್ಕಿಕಾಳಿನ ಉದ್ದದ ತಂತಿಯ ತುಂಡು ಇತ್ತು.

"ಇದು ಎಲ್ಲಿಂದ ಬಂತ್ರಿ?" ಅಂತ ಅವರು ಕೇಳಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದವಳೇ ಕುಣಿಗೆ ಇಳಿದು ಮೂಲೆ ಮೂಲೆ ಗುಡಿಸಿದೆ. ನಮ್ಮವರ ಗ್ಯಾರೇಜಿನ ಗೆಳೆಯರಿಂದ ಅಯಸ್ಕಾಂತ ತರಿಸಿ ಆಡಿಸಿದೆ. ಜಾಳಿಗೆಗೆ ಸಿಕ್ಕಿಕೊಂಡು ಬಂದ ಇನ್ನೂ ಮೂರು ತುಂಡು ಸಿಕ್ಕವು. ಜಾಳಿಗೆ ತೆಗೆದು ಬೊಂಬಿನ ತಟ್ಟಿ ಹಾಕಿದೆ, ಕುಣಿಯ ತುಂಬಾ ಮೆತ್ತಗೆ ಹೊಟ್ಟು ಹಾಸಿದೆ. ಕೋಳಿಗಳು ಓಡಾಡುವ ಜಾಗವನ್ನೆಲ್ಲಾ ಹೀಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದವಳು ನಾನು. ಜಾಳಿಗೆ ಕತ್ತರಿಸಿದ್ದು ಕುಣಿಯಲ್ಲಿ ಅಲ್ಲ, ಪಡಸಾಲೆಯ ಫರಸಿಯ ಮೇಲೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಮೂರು ವಾರ ಸಂಜೆ ನನಗೆ ಅದೇ ಕೆಲಸ. ಕೆಂಪಿಯ ಕಾಲನ್ನು ಉಪ್ಪುನೀರಲ್ಲಿ ಇಡುವುದು, ಒರೆಸುವುದು, ಅಯೋಡಿನ್, ಮುಲಾಮು, ಅರಳೆ, ಮೇಲೆ ಪಟ್ಟಿ. ನಾನು ಬಾಗಿಲೊಳಗೆ ಕಾಲಿಡುವುದೇ ತಡ, ಒಳಗಿಂದ ಅತ್ತೆಯ ದನಿ ಬರುತ್ತಿತ್ತು. "ಬಂದಿ? ಮೊದಲ ಕೋಳಿ ಕಾಲು ನೋಡವ್ವಾ."

ಚಹಾ ಕೂಡ ಕುಡಿಯಲು ಬಿಡುತ್ತಿರಲಿಲ್ಲ. ನಾನು ಪಟ್ಟಿ ಕಟ್ಟುವಾಗ ಎದುರಿಗೆ ಕೂತು ಕಣ್ಣು ಕೀಲಿಸಿ ನೋಡುತ್ತಿದ್ದರು. ಪ್ರಶ್ನೆ ಬೇರೆ.

"ಈ ಕಂದು ನೀರು ಉರೀತೈತೇನು?"

"ಕೋಳಿ ಹೇಳಬೇಕ್ರಿ ಅದನ್ನ."

"ಎಷ್ಟ್ ದಿನಕ್ಕ ಆರ್ತೈತಿ ಅಂದ್ರು ಡಾಕ್ಟ್ರು?"

"ಮೂರ್ ವಾರ ಅಂದಾರ್ರಿ."

"ಹಂಗಾರ ಆರ್ತೈತಿ ಅನ್ನು."

ಎಷ್ಟು ಪ್ರೀತಿ ಕೋಳಿಯ ಮೇಲೆ ಅಂತ ನಾನು ಅಂದುಕೊಂಡೆ. ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು; ನನಗೆ ಜ್ವರ ಬಂದಾಗ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಒಂದು ಮಾತು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ತಿಂಗಳು ಬರಬೇಕಾದ ಮುಲಾಮು ಹತ್ತು ದಿನಕ್ಕೆ ಖಾಲಿ. ಅರಳೆಯ ಸುರುಳಿ ಕರಗುತ್ತಿತ್ತು. ಅಯೋಡಿನ್ ಬಾಟಲಿಯಂತೂ ಯಾರೋ ಕುಡಿದ ಹಾಗೆ ಇಳಿಯುತ್ತಿತ್ತು. "ನಿಮ್ ಕೈಗಿ ಏನರ ಹಚಗೋತೀರೇನ್ರಿ?" ಅಂತ ನಮ್ಮವರ ಮೇಲೆ ಹರಿಹಾಯ್ದೆ. ಅವರು ಎರಡೂ ಅಂಗೈ ತೋರಿಸಿ, "ನಾ ಎಲ್ಲಿ ಮನ್ಯಾಗ ಇರ್ತೀನಿ ಮಾರಾಯ್ತಿ!" ಅಂದರು. ಅತ್ತೆ ತಲೆ ತಗ್ಗಿಸಿ ಕಾಳು ಹಸನು ಮಾಡುತ್ತಿದ್ದರು.

ನಾಗರಪಂಚಮಿ ಬಂತು. ಉಂಡಿ ಕಟ್ಟಿದೆವು, ಓಣಿಯ ಬೇವಿನ ಮರಕ್ಕೆ ಜೋಕಾಲಿ ಬಿತ್ತು. ಹಬ್ಬ ಅಂದರೆ ನಮ್ಮಲ್ಲಿ ಸೊಸೆ ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ಹದಿನಾಲ್ಕು ವರ್ಷ ಒಂದು ಹಬ್ಬವನ್ನೂ ನಾನು ತಪ್ಪಿಸಿಲ್ಲ. ಅವತ್ತೂ ಬಗ್ಗಿದೆ. ಕೈ ತಾಗುವಷ್ಟರಲ್ಲಿ ಅವರು ಕಾಲನ್ನು ಸರಕ್ಕನೆ ಸೀರೆಯೊಳಗೆ ಎಳೆದುಕೊಂಡರು. "ಸಾಕೇಳು, ದೇವರು ಚೊಲೋ ಮಾಡ್ಲಿ" ಅಂದರು. ನನಗೆ ಅವಮಾನವಾದ ಹಾಗಾಯಿತು. ಮುಲಾಮಿನ ವಿಷಯಕ್ಕೆ ಜೋರು ಮಾಡಿದ್ದಕ್ಕೆ ಸಿಟ್ಟಾಗಿದ್ದಾರೆ ಅಂದುಕೊಂಡು ನಾನೂ ಮುಖ ಊದಿಸಿಕೊಂಡು ಎರಡು ದಿನ ಅಡ್ಡಾಡಿದೆ. ಆ ಎರಡು ದಿನ ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ದಿನ ಬುತ್ತಿ ಮರೆತು ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನ ಉಣ್ಣಲು ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ಹೆಸರುಕಾಳು. ಕಾಳು ಆರಿಸುತ್ತಾ ಕೋಳಿಗಳ ಜೊತೆ ಏನೋ ಮಾತಾಡುತ್ತಿದ್ದರು. ಕೆಂಪಿ ಅವರ ಪಾದದ ಹತ್ತಿರ ನಿಂತು ಟಕ್ ಟಕ್ ಅಂತ ಕುಟುಕುತ್ತಿದ್ದಳು. ಬಿದ್ದ ಕಾಳು ತಿನ್ನುತ್ತಿದ್ದಾಳೆ ಅಂತ ನನಗೂ ಅನ್ನಿಸಿತು.

ಅತ್ತೆ ನನ್ನನ್ನು ನೋಡಿ ನಕ್ಕರು. "ಇಷ್ಟ್ ಜಲ್ದಿ ಬಂದಿ? ಬಾ, ಮೊದಲ ಕೋಳಿ ಕಾಲು ನೋಡು."

ಕೆಂಪಿ ತಲೆ ಎತ್ತಿದಳು. ಕೊಕ್ಕು ರಕ್ತದಿಂದ ಕೆಂಪಾಗಿತ್ತು. ಅದರ ತುದಿಯಲ್ಲಿ ಒಂದು ಎಳೆ ಅರಳೆ ಜೋತಾಡುತ್ತಿತ್ತು. ಕಾಳಿಗಲ್ಲ ಅವಳು ಕುಟುಕುತ್ತಿದ್ದದ್ದು. ಅತ್ತೆಯ ಅಂಗಾಲಿಗೆ. ಕಟ್ಟಿದ್ದ ಚಿಂದಿ ಬಿಚ್ಚಿಹೋಗಿತ್ತು, ಫರಸಿಯ ಮೇಲೆ ಅಂಗೈ ಅಗಲ ರಕ್ತ. ಅತ್ತೆ ನನ್ನ ಮುಖ ನೋಡಿ ನಗುತ್ತಲೇ ಇದ್ದರು. ಕೆಂಪಿ ಮತ್ತೆ ಬಗ್ಗಿ ಒಂದು ಏಟು ಕುಟುಕಿದಳು. ಅತ್ತೆಯ ಕಣ್ಣ ರೆಪ್ಪೆ ಕೂಡ ಅಲುಗಲಿಲ್ಲ. ಅವರಿಗೆ ಗೊತ್ತೇ ಆಗುತ್ತಿರಲಿಲ್ಲ!

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ, ಪಕ್ಕದ ಮನೆಯವರು ಓಡಿ ಬಂದದ್ದು ನೆನಪಿದೆ. ಕೆಂಪಿಯನ್ನು ಆಚೆ ನೂಕಿ, ಅತ್ತೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದೆ. ಹದಿನಾಲ್ಕು ವರ್ಷ ಮುಟ್ಟಿ ಕಣ್ಣಿಗೆ ಒತ್ತಿಕೊಂಡ ಕಾಲು ಅದು. ಅದರ ಅಂಗಾಲನ್ನು ನಾನು ನೋಡಿದ್ದು ಅದೇ ಮೊದಲು. ಕಿರುಬೆರಳಿನ ಬುಡದಲ್ಲಿ ಕಪ್ಪು ಹಕ್ಕಳೆ, ಅದರ ಸುತ್ತ ಬೆಳ್ಳಗೆ ಕೊಳೆತ ಚರ್ಮ, ಮೇಲೆಲ್ಲಾ ಕೆಂಗಂದು ಅಯೋಡಿನ್ ಕಲೆ. ಕಿರುಬೆರಳು ಆಗಲೇ ನೀಲಿಯಾಗಿತ್ತು.

ಅತ್ತೆ ಆಗ ಕೆಳಗೆ ನೋಡಿದರು. ರಕ್ತ ಕಂಡರು. ಮೊರ ಕೈಜಾರಿ ಹೆಸರುಕಾಳೆಲ್ಲಾ ಪಡಸಾಲೆ ತುಂಬಾ ಚೆಲ್ಲಿದವು. "ದವಾಖಾನಿ ಬ್ಯಾಡ" ಅಂದರು ಮೊದಲ ಮಾತಿಗೆ. "ಗಿರಿಜಾ, ನಿನ್ನ ಕಾಲು ಬೀಳ್ತೀನಿ, ದವಾಖಾನಿ ಬ್ಯಾಡವ್ವಾ. ನಿಮ್ ಮಾವಗೂ ಹಿಂಗ ಮೊದಲ ಬರೇ ಬೆರಳ ಅಂದಿದ್ರು."

ಅವರನ್ನು ಹಸುಗೂಸಿನ ಹಾಗೆ ಎತ್ತಿ ಆಟೊದಲ್ಲಿ ಹಾಕಿದೆ. ಅಷ್ಟು ಶಕ್ತಿ ಎಲ್ಲಿಂದ ಬಂತೋ.

ದವಾಖಾನೆಯಲ್ಲಿ ಸರ್ಜನ್ನರು ಅತ್ತೆಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. "ಅಜ್ಜಿ, ನಾನು ಕಾಲಿಗೆ ಚುಚ್ಚತೀನಿ, ಚುಚ್ಚಿದ ಕೂಡಲೇ ಹೂಂ ಅನ್ರಿ" ಅಂದು ಮೊಂಡು ಸೂಜಿಯಿಂದ ಅಂಗಾಲಿನ ಅಲ್ಲಿ ಇಲ್ಲಿ ಒತ್ತುತ್ತಾ ಹೋದರು. ಐದು ಸಲ ಒತ್ತಿದ್ದನ್ನು ನಾನು ಎಣಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಹಲ್ಲು ಕಚ್ಚಿ ಕಾಯುತ್ತಿದ್ದರು. ಕಡೆಗೆ, "ಜಲ್ದಿ ಚುಚ್ಚರಿ ಸಾಹೇಬ್ರ, ಯಾಕ ಹೆದರಸ್ತೀರಿ?" ಅಂದರು. ಸರ್ಜನ್ನರು ನನ್ನ ಮುಖ ನೋಡಿದರು. "ಸಕ್ಕರಿಗೆ ಕಾಲಿನ ನರ ಸತ್ತಾವ್ರಿ, ಚುಚ್ಚಿದ್ದು ಗೊತ್ತಾಗಂಗಿಲ್ಲ" ಅಂದರು.

ಅವತ್ತು ಸಂಜೆಯೇ ಒಳಗೆ ಕರೆದುಕೊಂಡು ಹೋದರು. ಎಲ್ಲಿಯವರೆಗೆ ತೆಗೆಯಬೇಕಾಗುತ್ತದೋ ಒಳಗೆ ನೋಡಿಯೇ ಹೇಳಬೇಕು ಅಂದಿದ್ದರು. ನಮ್ಮವರು ಹುಬ್ಬಳ್ಳಿಯಿಂದ ಬಂದು ಮುಟ್ಟಿರಲಿಲ್ಲ. ಪಡಸಾಲೆಯಲ್ಲಿ ನಾನೊಬ್ಬಳೇ. ಮಾವನವರ ಸಲವೂ ಅದೇ ಬೆಂಚಿನ ಮೇಲೆ ಕೂತಿದ್ದೆವು. ತೆಗೆದ ಕಾಲು ಏನು ಮಾಡುತ್ತಾರೆ ಅನ್ನುವ ಪ್ರಶ್ನೆ ಈಗ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಎಲ್ಲಾ ದೇವರಿಗೂ ಹರಕೆ ಹೊತ್ತೆ.

ಸರ್ಜನ್ನರು ಹೊರಗೆ ಬಂದು, "ಕಿರುಬೆರಳು ಹೋತ್ರಿ. ಕಾಲು ಉಳೀತು. ಇನ್ನೊಂದ್ ವಾರ ಬಿಟ್ಟಿದ್ರ ಕಾಲು ಉಳಿಸ್ತೀನಿ ಅಂತ ಹೇಳಾಕ ಆಗ್ತಿದ್ದಿಲ್ಲ" ಅಂದರು. ನಾನು ಅಲ್ಲೇ ಗಳಗಳ ಅತ್ತುಬಿಟ್ಟೆ. ಆಮೇಲೆ ಅವರು ಸಣ್ಣ ಗಾಜಿನ ಡಬ್ಬಿಯೊಂದನ್ನು ತೋರಿಸಿದರು. "ಇದು ಒಳಗಿತ್ತು ನೋಡ್ರಿ. ಯಾವಾಗ ತುಳಿದಾರೋ ಅವರಿಗೂ ಖಬರಿಲ್ಲ."

ಅಕ್ಕಿಕಾಳಿನ ಉದ್ದದ ತಂತಿಯ ತುಂಡು.

ಅದೇ ತಂತಿ, ಅದೇ ಓರೆಯಾಗಿ ಕತ್ತರಿಸಿದ ತುದಿ. ಮನೆಯೊಳಗೆ ಚಪ್ಪಲಿ ಹಾಕಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆಯಂತೂ ದೇವರ ಗೂಡಿರುವ ಮನೆಯಲ್ಲಿ ಚಪ್ಪಲಿ ಅಂದರೆ ಕಿವಿ ಮುಚ್ಚಿಕೊಳ್ಳುವವರು. ಜಾಳಿಗೆ ಕತ್ತರಿಸಿದ ಫರಸಿಯ ಮೇಲೆ ಬರಿಗಾಲಲ್ಲಿ ದಿನಕ್ಕೆ ನೂರು ಸಲ ಓಡಾಡಿದವರು ಅವರು. ಕೋಳಿಯ ಕಾಲಿನಿಂದ ತಂತಿ ಬಂದಾಗ ನಾನು ಕೋಳಿಯ ಜಾಗ ಗುಡಿಸಿದೆ. ಮನುಷ್ಯರ ಜಾಗ ಗುಡಿಸಲಿಲ್ಲ. ಸಕ್ಕರೆಗೆ ಕಾಲು ಕೊಟ್ಟು ಸತ್ತವರ ಮನೆಯಲ್ಲಿ, ಗುಳಿಗೆ ಎಣಿಸಿ ಕೊಡುವ ನಾನು, ಕೋಳಿಯ ಅಂಗಾಲನ್ನು ಮೂರು ವಾರ ತಿರುವಿ ತಿರುವಿ ನೋಡಿದ ನಾನು, ಎದುರಿಗೆ ಕೂತವರ ಅಂಗಾಲು ನೋಡಲಿಲ್ಲ.

ಎರಡನೆಯ ದಿನ ಅತ್ತೆಗೆ ಪೂರ್ತಿ ಎಚ್ಚರವಾಯಿತು. ಮೊದಲು ಹೊದಿಕೆ ಸರಿಸಿ ಕಾಲು ಇದೆಯೋ ಇಲ್ಲವೋ ಅಂತ ನೋಡಿಕೊಂಡರು. ಇದೆ ಅಂತ ಖಾತ್ರಿಯಾದ ಮೇಲೆ ನನ್ನ ಕಡೆ ತಿರುಗಿದರು. ನಾನು ಡಬ್ಬಿ ತೋರಿಸಿ, ತಪ್ಪಾಯಿತು ಅಂದೆ. ಅವರು ಡಬ್ಬಿಯನ್ನು ನೋಡಿ ಪಕ್ಕಕ್ಕಿಟ್ಟರು.

"ನೀ ಏನ್ ಬೇಕಂತ ಚೆಲ್ಲಿದ್ದಿ? ಬಿಡು."

"ನನಗ ಒಂದ್ ಮಾತ್ ಹೇಳಬಾರದಾಗಿತ್ತೇನ್ರಿ ಅತ್ತಿ? ನನ್ನ ಮುಂದನ ಕುಂತು, ನನ್ನ ಔಷಧನ ಕದ್ದು..."

ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ಕೆಂಪಿದು ಆರಾಕ ಹತ್ತಿತ್ತಲ್ಲ. ನಂದೂ ಆರ್ತೈತಿ ಅಂದ್ಕೊಂಡೆ. ನೀ ಅದರ ಕಾಲು ತೊಡಿ ಮ್ಯಾಲ ಇಟ್ಕೊಂಡು ಎಷ್ಟ್ ಚೊಲೋ ಒರಸ್ತಿದ್ದಿ! ನಂದೂ ನೋಡು ಅನ್ನಾಕ ಬಾಯಿ ಬರಲಿಲ್ಲ. ಸೊಸಿ ತೊಡಿ ಮ್ಯಾಲ ಅತ್ತಿ ಕಾಲ ಹೆಂಗ ಇಡೂದು? ಅದಕ್ಕ ನೀ ಬರೂದ ತಡ ಕೋಳಿದು ನೋಡು ಅಂತಿದ್ದೆ. ನೋಡಿ ಕಲಕೊಂಡು, ನೀ ಹೋದ ಮ್ಯಾಲ ನಾ ಹಚಗೋತಿದ್ದೆ."

ನಾನು ಅಲ್ಲಿಂದ ಎದ್ದು ಹೊರಗೆ ಹೋದೆ. ನಳದ ಕೆಳಗೆ ಮುಖ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ.

ಗಣಪತಿ ಹಬ್ಬದ ಮುಂಚೆ ಮನೆಗೆ ಬಂದೆವು. ಮನೆಯೊಳಗೂ ಮೆತ್ತಗಿನ ಚಪ್ಪಲಿ ಹಾಕಲೇಬೇಕು ಅಂತ ಸರ್ಜನ್ನರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ದೇವರ ಗೂಡಿನ ಮುಂದೆ ಕೈಮುಗಿದು, "ತಪ್ಪ ತಿಳಕೋಬ್ಯಾಡಪಾ" ಅಂತ ಹೇಳಿ ಹಾಕಿಕೊಂಡರು. ಕೆಂಪಿಯನ್ನು ಬೆಳ್ಳಟ್ಟಿಗೆ ಕಳಿಸಿಬಿಡೋಣ, ಅದರ ಮುಖ ನೋಡಲಾರೆ ಅಂತ ನಾನು ಅಂದರೆ ಅವರು ಒಪ್ಪಲಿಲ್ಲ. "ಅದು ಕುಟುಕಿದ್ದಕ್ಕ ನೀ ನನ್ನ ಕಾಲು ನೋಡಿದಿ" ಅಂದರು. ಕೆಂಪಿ ಈಗಲೂ ಇದ್ದಾಳೆ, ದಿನ ಬಿಟ್ಟು ದಿನ ತತ್ತಿ ಇಟ್ಟು ಓಣಿಗೆಲ್ಲಾ ಸಾರುತ್ತಾಳೆ. ಗಿಡ್ಡಿ ಸೊಟ್ಟ ಬೆರಳಲ್ಲೇ ಓಡುತ್ತಾಳೆ.

ಆದರೂ ಮೊದಮೊದಲು ಅತ್ತೆ ಕಾಲು ಕೊಡಲು ನಾಚುತ್ತಿದ್ದರು. ನಾನು ಬಲವಂತವಾಗಿ ಎಳೆದುಕೊಂಡು, ತೊಡೆಯ ಮೇಲಿಟ್ಟು, ಬೆಳಕಿಗೆ ತಿರುವಿ ನೋಡುತ್ತಿದ್ದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಮುಂದಿನ ಪಂಚಮಿಯಲ್ಲಿ ನೆಂಟರೆಲ್ಲರ ಎದುರಿಗೆ ನಾನು ನಮಸ್ಕಾರ ಮಾಡಿ, ಹಾಗೇ ಪಾದ ಎತ್ತಿ ಅಂಗಾಲು ನೋಡಿದೆ. "ಏನ್ ಹುಚ್ಚಿ ಐತಿ ಇದು!" ಅಂತ ಎಲ್ಲರೂ ನಕ್ಕರು. ನಗಲಿ.

ಹೋದ ವಾರ ಆಟೊದಿಂದ ಇಳಿದು ಮನೆಯೊಳಗೆ ಓಡಿದಾಗ ಅತ್ತೆ ಕುಣಿಯ ಅಂಚಿಗೆ ಕೂತು ಕೋಳಿಗಳಿಗೆ ನುಚ್ಚು ಹಾಕುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನನ್ನನ್ನು, ನನ್ನ ಕೈಗೆ ಹತ್ತಿದ ಅಯೋಡಿನ್ ಕಲೆಯನ್ನು ನೋಡಿದರು. ನಾನು ಕೆಂಪಿಯನ್ನು ಎತ್ತಿಕೊಳ್ಳಲು ಬಗ್ಗಿದೆ.

ಅತ್ತೆ ಚಪ್ಪಲಿ ಕಳಚಿದರು. ನಾಲ್ಕು ಬೆರಳಿನ ಆ ಕಾಲನ್ನು ನನ್ನ ಮುಂದೆ ಚಾಚಿ, ತಾವಾಗಿಯೇ ಅಂಗಾಲನ್ನು ಮೇಲೆ ತಿರುಗಿಸಿದರು.

"ಮೊದಲ ನಂದು ನೋಡವ್ವಾ," ಅಂದರು. "ಕೋಳಿದು ಆಮ್ಯಾಲ."